ಕಡ್ಲಿ ಹುಳಿ

ಮೂರನೆಯ ಮಗ್ಗು ನೀರನ್ನೂ ಸಿದ್ಧಲಿಂಗ ಬಾನೆಟ್ಟಿನ ಮೇಲೆ ಸುರಿದ. ಎಡಗಡೆ ಬಿದ್ದ ನೀರು ಗುಂಡು ಹನಿಗಳಾಗಿ ಒಂದರ ಹಿಂದೊಂದು ಉರುಳಿ ಕೆಳಗಿಳಿಯಿತು. ಬಲಗಡೆ ಬಿದ್ದದ್ದು ಮಾತ್ರ ಹರಡಿಕೊಂಡು ಅಲ್ಲೇ ನಿಂತಿತು. ಅದರ ಕೆಳಗೆ, ಕಾರಿನ ಕಪ್ಪು ಬಣ್ಣದ ನಡುವೆ, ಮೊಳದಗಲದ ಬೂದಿ ಕಲೆ ಎಲ್ಲರಿಗೂ ಕಾಣುವಂತೆ ಬಿದ್ದುಕೊಂಡಿತ್ತು.

"ಕಣ್ಣ ಬಿಟ್ಟ ನೋಡಲೇ ಮುಜಫರ್," ಎಂದ ಸಿದ್ಧಲಿಂಗ. "ಇದಕ್ಕ ಸಿರಾಮಿಕ್ ಕೋಟಿಂಗ್ ಅಂತಾರೇನು? ಮೇಣಾ ತಿಕ್ಕಿ ಸಿರಾಮಿಕ್ ಅಂತ ಹೇಳಿ ಕಳಿಸಿದಿ. ಐದ ವರ್ಷ ಗ್ಯಾರಂಟಿ ಅಂದಿ. ಹದಿನೈದ ದಿನಾ ಬಾಳಿಕಿ ಬರಲಿಲ್ಲ."

ಮುಜಫರ್ ಸೊಂಟ ಬಾಗಿಸಿ ಕಲೆಯನ್ನೇ ನೋಡುತ್ತಿದ್ದ. ಹುಬ್ಬಳ್ಳಿಯಲ್ಲಿ ಒಬ್ಬರ ಕೈಕೆಳಗೆ ಆರು ವರ್ಷ ಕೆಲಸ ಕಲಿತು ಬಂದು, ಅಣ್ಣಿಗೇರಿಯಲ್ಲಿ ಗದಗ ರಸ್ತೆಗೆ ತಗಡಿನ ಶೆಡ್ಡು ಹಾಕಿ, ಕಾರು ತೊಳೆದು ಪಾಲಿಶ್ ಮಾಡುವ ಅಂಗಡಿ ತೆರೆದು ಅವನಿಗೆ ಇನ್ನೂ ಎಂಟು ತಿಂಗಳು. ಈ ಕಡೆಯ ಹಳ್ಳಿಗಳಲ್ಲಿ ಕಾರಿನ ಬಣ್ಣ ಕಾಯಲಿಕ್ಕೆ ದುಡ್ಡು ಬಿಚ್ಚುವವರು ಬೆರಳೆಣಿಕೆಯ ಮಂದಿ. ಅವರೂ ಒಬ್ಬರ ಮಾತು ಕೇಳಿ ಇನ್ನೊಬ್ಬರು ಬರುವವರು. ಅಂಥವರಲ್ಲಿ ಒಬ್ಬನ ಬಾಯಿ ಕೆಟ್ಟರೆ ಶೆಡ್ಡಿಗೆ ಬೀಗ ಹಾಕಿ ಮತ್ತೆ ಹುಬ್ಬಳ್ಳಿಯ ಬಸ್ಸು ಹತ್ತಬೇಕಾದೀತು. ಅದು ಅವನಿಗೆ ಗೊತ್ತಿತ್ತು, ಸಿದ್ಧಲಿಂಗನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಕಾರಿನ ಮುಂದಿನ ಸೀಟಿನಲ್ಲಿ ಸಿದ್ಧಲಿಂಗನ ಹೆಂಡತಿ ಮಾದೇವಿ ಇಳಕಲ್ ಸೀರೆಯುಟ್ಟು ಕೈಕಟ್ಟಿ ಕೂತಿದ್ದಳು. ಗದಗಿನಲ್ಲಿ ಅವಳ ತಂಗಿಯ ಹೊಸ ಮನೆಯ ವಾಸ್ತು. ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೊರಟಿದ್ದರು. ಹಬ್ಬಕ್ಕೆ ಹೊಲಕ್ಕೆ ಹೋಗಿ ಬಂದ ಮೇಲೆ ಮುಸುಕು ಹಾಕಿ ನಿಲ್ಲಿಸಿದ್ದ ಕಾರನ್ನು ತೊಳೆಯಲಿಕ್ಕೆಂದು ನಿನ್ನೆ ಸಂಜೆ ಮುಸುಕು ತೆಗೆದಾಗ ಕಲೆ ಕಂಡಿತ್ತು. ಆಗ ಶುರುವಾದ ಬೈಗುಳ ಅವರ ಊರು ಶಲವಡಿಯಿಂದ ಅಣ್ಣಿಗೇರಿಯವರೆಗೂ ನಿಂತಿರಲಿಲ್ಲ. ಆ ಕಲೆ ಯಾರು ಮಾಡಿದ್ದು ಅಂತ ಆ ಶೆಡ್ಡಿನ ಮುಂದೆ ಇದ್ದವರಲ್ಲಿ ಮಾದೇವಿ ಒಬ್ಬಳಿಗೇ ಗೊತ್ತಿತ್ತು. ಮಾಡಿದವಳು ಅವಳೇ.

ಸಿದ್ಧಲಿಂಗ ಗಟಾರು, ಸಿಮೆಂಟು ರಸ್ತೆಗಳ ಗುತ್ತಿಗೆದಾರ. ಅವನು ಹಾಕಿದ ರಸ್ತೆ ಎರಡು ಮಳೆಗಾಲ ಕಂಡದ್ದಿಲ್ಲ. ಅವನ ಕಾರಿನ ಹೊಳಪು ಮಾತ್ರ ಐದು ವರ್ಷ ಬಾಳಬೇಕು. ಹದಿನೈದು ದಿನದ ಹಿಂದೆ ಇದೇ ಶೆಡ್ಡಿಗೆ ಬಂದಾಗ ಮುಜಫರ್ ತಿಳಿಸಿ ಹೇಳಿದ್ದ.

"ಸಾವ್ಕಾರ್ರ, ನನ್ನ ಮಾತ ಕೇಳ್ರಿ, ಮೇಣಾ ಹಚ್ಚಿಸ್ರಿ. ನಿಮ್ಮ ಗಾಡಿ ದಿನಾ ಎರಿ ಹೊಲದ ಧೂಳಾಗ ಅಡ್ಡಾಡೂದು. ಮೇಣಾ ಕೆಟ್ರ ಒರಸಿ ತಗದು ಮತ್ತ ಹಚ್ಚಬಹುದು. ಮೂರ ತಿಂಗಳಿಗೊಮ್ಮಿ ಬಂದ್ರ ಸಾಕು. ಸಿರಾಮಿಕ್ ಹಂಗಲ್ರಿ, ಬಣ್ಣದ ಮ್ಯಾಲೆ ಗಾಜಿನಂಗ ಕುಂಡ್ರತೈತಿ. ಹಚ್ಚಿದ ಮ್ಯಾಲೆ ಗಟ್ಟಿ ಆಗಾಕ ಒಂದ ವಾರ ಬೇಕು. ಆ ವಾರದಾಗ ನೀರು, ಹಕ್ಕಿ ಹಿಕ್ಕಿ, ಹುಳಿ ಏನೂ ತಾಗಬಾರದು. ಎಳ್ಳ ಅಮಾಸಿ ಬ್ಯಾರೆ ನಾಕ ದಿನದಾಗ ಬಂತು, ನೀವು ಹೊಲಕ್ಕ ಹೋಗವ್ರು. ಕಲಿ ಬಿತ್ತಂದ್ರ ಮಷೀನ್ ಹಚ್ಚಿ ಕೆರದು ಮೊದಲಿಂದ ಮಾಡಬೇಕಾಕ್ಕೈತಿ."

"ಗದಗಿನ ನಮ್ಮ ಷಡ್ಡಕ ಏನ ಹಚ್ಚಿಸ್ಯಾನು?"

"ಅವ್ರು ಸಿರಾಮಿಕ್ ಹಚ್ಚಿಸ್ಯಾರ್ರಿ. ಅವ್ರ ಗಾಡಿ ಊರ ಬಿಟ್ಟ ಹೊರಗ ಬರೂದಿಲ್ರಿ."

"ಹಂಗಾರ ನಂದಕ್ಕೂ ಅದನ್ನ ಹಚ್ಚು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾದೇವಿ ಬಾಯಿ ಹಾಕಿದಳು. ಮುಜಫರ್ ಹೇಳಿದ್ದು ಅವಳಿಗೆ ಸರಿಕಂಡಿತ್ತು, ಸರಿಕಂಡದ್ದನ್ನು ಹೇಳುವ ಕೆಟ್ಟ ಚಟ ಅವಳಿಗೆ ತವರಿನಿಂದ ಬಂದದ್ದು. "ಮೇಣಾನ ಇರ್ಲಿ ಬಿಡ್ರಿ. ಮನಿ ನೆಲಾ ವಾರಕ್ಕೊಮ್ಮಿ ಸಾರಸ್ತೇವಿ, ಕೆಟ್ರ ಮತ್ತ ಸಾರಸ್ತೇವಿ. ಐದ ವರ್ಷಕ್ಕ ಒಮ್ಮಿ ಸಾರಿಸೂ ನೆಲಾ ಎಲ್ಲ್ಯರ ಐತೇನು?"

"ಅಕ್ಕಾರು ಖರೇ ಹೇಳಿದ್ರು ನೋಡ್ರಿ," ಅಂದ ಮುಜಫರ್, ನಕ್ಕು.

ಸಿದ್ಧಲಿಂಗನೂ ನಕ್ಕ. ಅವನ ನಗುವಿನ ಬಣ್ಣ ಹೆಂಡತಿಗೆ ಗೊತ್ತಿತ್ತು. "ಸಗಣಿ ಕೈ ಅದು. ಸಗಣಿ ಸುದ್ದಿ ಕೇಳು, ಬರೋಬ್ಬರಿ ಹೇಳತೈತಿ. ಗಾಡಿ ಸುದ್ದಿ ಅದಕ್ಕೇನ ತಿಳೀತೈತಿ?"

ಹೆಂಡತಿಯನ್ನು 'ಅದು' ಅಂದದ್ದಕ್ಕೆ ಅಂಗಳದಲ್ಲಿ ಗಾಡಿ ತೊಳೆಸಲು ಕಾದಿದ್ದ ನಾಲ್ಕು ಗಂಡಸರು ಹಲ್ಲು ಕಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾದೇವಿ ಆ ದಿನ ಊಟ ಮಾಡಲಿಲ್ಲ. ಮನೆಯಲ್ಲಿ ಹೊಡೆದಂತೆ ಮಾತಾಡುತ್ತಿದ್ದುದಕ್ಕೆ ಅವಳ ಮೈ ಒಗ್ಗಿತ್ತು. ನಾಲ್ಕು ಮಂದಿಯ ನಗು ಮಾತ್ರ ಮೈಗೆ ಅಂಟಿಕೊಂಡು ಬಿಡಲೇ ಇಲ್ಲ.

ನಾಲ್ಕನೆಯ ದಿನ ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಬನ್ನಿ ಗಿಡದ ಕೆಳಗೆ ಕೂತು ಉಣ್ಣುವ ಹಬ್ಬ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಎಳ್ಳು ಹೋಳಿಗೆ, ಕಡಬು ಎಲ್ಲ ನಸುಕಿನಲ್ಲೇ ಎದ್ದು ಮಾಡಿದವಳು ಮಾದೇವಿ. ಬುಟ್ಟಿ ಹೊತ್ತು ಕಾರಿನ ಬಳಿಗೆ ಬಂದರೆ ಗಂಡ ಬಾಗಿಲು ತೆರೆಯಲಿಲ್ಲ. ಎಣ್ಣೆ ಚೆಲ್ಲಿದರೆ ಸೀಟು ಕೆಡುತ್ತದೆ, ಪಕ್ಕದ ಮನೆಯವರ ಟ್ರ್ಯಾಕ್ಟರಿನಲ್ಲಿ ಬಾ ಅಂದ. ಅವಳು ಟ್ರೇಲರಿನಲ್ಲಿ ಬುಟ್ಟಿ ಹಿಡಿದು ನಿಂತು ಹೋದಳು. ಮುಂದೆ ಅವನ ಕಾರು, ಒಳಗೆ ಅವನೊಬ್ಬನೇ. ಕಾರಿನ ಧೂಳನ್ನೆಲ್ಲ ಅವಳೇ ಕುಡಿದಳು.

ಉಂಡವನು ಬನ್ನಿ ಗಿಡದ ನೆರಳಿಗೆ ಮೈಚಾಚಿ ಗೊರಕೆ ಹೊಡೆದ. ಕಾರು ಬದುವಿನ ಮೇಲೆ ಬಿಸಿಲಲ್ಲಿ ನಿಂತಿತ್ತು. ಮಾದೇವಿಗೆ ಒಂದು ಕೆಲಸ ಉಳಿದಿತ್ತು. ಚಳಿಗಾಲದಲ್ಲಿ ಕಡಲೆ ಗಿಡ ಹುಳಿ ಬಿಡುತ್ತದೆ. ರಾತ್ರಿ ಬೆಳೆಯ ಮೇಲೆ ಬಿಳಿ ಬಟ್ಟೆ ಹಾಸಿಟ್ಟರೆ ಇಬ್ಬನಿಯ ಜೊತೆಗೆ ಆ ಹುಳಿ ಬಟ್ಟೆಗೆ ಇಳಿಯುತ್ತದೆ. ಹಿಂಡಿ ಬಾಟಲಿ ತುಂಬಿಟ್ಟರೆ ವರ್ಷವಿಡೀ ಹೊಟ್ಟೆನೋವಿಗೆ ಔಷಧ. ಆಳು ಹೆಂಗಸು ಮುಂಜಾನೆ ಎತ್ತಿಟ್ಟ ಧೋತರ ಪ್ಲಾಸ್ಟಿಕ್ ಬಕೀಟಿನಲ್ಲಿ ತೊಯ್ದು ತೊಪ್ಪೆಯಾಗಿ ಕೂತಿತ್ತು.

ಮಾದೇವಿ ನವಲಗುಂದದ ಕಡೆಯ ಹೆಣ್ಣು. ಅವಳವ್ವ ಚಳಿಗಾಲವೆಲ್ಲ ಈ ಹುಳಿ ಹಿಂಡಿ ಮಾರುತ್ತಿದ್ದಳು. ಅವ್ವನ ಬೆರಳ ತುದಿಗಳು ಸೀಳಿ ಹೋಗುತ್ತಿದ್ದವು. ಹಿತ್ತಾಳೆಯ ಬಟ್ಟಲಲ್ಲಿ ಇಟ್ಟರೆ ಬಟ್ಟಲನ್ನೇ ತಿನ್ನುತ್ತದೆ, ಗಾಜಿನದಕ್ಕೇ ಹಾಕಬೇಕು ಎಂಬುದು ಅವಳಿಗೆ ಅಕ್ಷರಕ್ಕಿಂತ ಮುಂಚೆ ತಿಳಿದ ವಿದ್ಯೆ. ಅಷ್ಟೆಲ್ಲ ತಿಳಿದೇ ಅವಳು ಆ ಧೋತರವನ್ನು ಹಿಂಡದೆ, ನಾಲ್ಕು ಮಡಿಕೆ ಮಾಡಿ, ಕಾದ ಕರಿ ಬಾನೆಟ್ಟಿನ ಬಲಗಡೆಗೆ ಹಾಸಿದಳು. ಅದರ ಮೇಲೆ ಹಸಿ ಕಡಲೆ ಗಿಡದ ಒಂದು ಸಿವುಡು ಇಟ್ಟಳು. ಯಾರಾದರೂ ಕೇಳಿದರೆ ಗಿಡ ಬಾಡಬಾರದೆಂದು ಇಟ್ಟೆ ಅನ್ನಬಹುದಿತ್ತು. ಯಾರೂ ಕೇಳಲಿಲ್ಲ. ಮೂರು ತಾಸು ಬಿಟ್ಟು, ಅವನು ಏಳುವ ಮೊದಲು, ಎತ್ತಿ ಸೆರಗಿನಿಂದ ಒರೆಸಿದಳು. ಆಗ ಏನೂ ಕಾಣಲಿಲ್ಲ. ಆದರೂ ಅವಳ ಎದೆ ಅಂದು ಎಷ್ಟೋ ದಿನದ ಮೇಲೆ ಹಗುರವಾಗಿತ್ತು. ಸುಳ್ಳು ಯಾಕೆ ಹೇಳಬೇಕು, ಖುಷಿಯಾಗಿತ್ತು.

ಆ ಖುಷಿಗೆ ಈಗ ಮುಜಫರ್ ತೆರಬೇಕಾಗಿ ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆ ಎಮ್ಮೆ ಈ ಹುಡುಗನಾಗುತ್ತಾನೆ ಅಂತ ಮಾದೇವಿಗೆ ಹೊಳೆದೇ ಇರಲಿಲ್ಲ. ಗಂಡ ತಲೆ ಚಚ್ಚಿಕೊಳ್ಳುತ್ತಾನೆ, ನೋಡಿ ಒಳಗೊಳಗೇ ನಗಬಹುದು ಅಂದುಕೊಂಡಿದ್ದಳು, ಅಷ್ಟೇ.

"ಹಚ್ಚಿದ್ದು ಸಿರಾಮಿಕ್‌ನ ರೀ," ಎನ್ನುತ್ತಿದ್ದ ಮುಜಫರ್. "ಎಡಕ್ಕ ನೋಡ್ರಿ, ನೀರ ಹೆಂಗ ಉಳ್ಳತೈತಿ. ಅರ್ಧಾ ಬಾನೆಟ್ಟಿಗೆ ಸಿರಾಮಿಕ್ ಹಚ್ಚಿ ಅರ್ಧಾಕ್ಕ ಮೇಣಾ ಯಾರ ಹಚ್ಚತಾರ್ರಿ?"

"ಆ ಮಾತ ಖರೇ ಐತಿ," ಎಂದರು ಹುಚ್ಚಪ್ಪ ಮಾಸ್ತರು. ನಿವೃತ್ತ ಮಾಸ್ತರು, ತಮ್ಮ ಸಣ್ಣ ಕಾರು ತೊಳೆಸಲು ಬಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಅವರ ಹಿಂದೆ ಟ್ರ್ಯಾಕ್ಟರು ತೊಳೆಸಲು ಬಂದ ಇಬ್ಬರು ನಿಂತಿದ್ದರು.

"ಮಾಸ್ತರ, ನಿಮ್ಮ ಸಾಲಿ ಮುಗದೈತಿ, ಸುಮ್ನ ಕುಂಡ್ರ್ರಿ," ಎಂದು ಸಿದ್ಧಲಿಂಗ ಮುಜಫರನ ಕಡೆ ತಿರುಗಿದ. "ಮಾಲು ಕಡಿಮಿ ಬಿತ್ತು, ಅರ್ಧಕ್ಕ ಹಚ್ಚಿದಿ, ಉಳಿದದ್ದಕ್ಕ ಮೇಣಾ ತಿಕ್ಕಿದಿ. ನನಗ ಗೊತ್ತಿಲ್ಲಂತ ತಿಳಕೋಬ್ಯಾಡ. ಸಿಮೆಂಟಿನಾಗ ನಾವೂ ಅದನ್ನ ಮಾಡತೇವಿ."

ಯಾರೋ ಕಿಸಕ್ಕೆಂದರು. ತಾನು ಏನು ಹೇಳಿದೆ ಎಂದು ಅವನಿಗೆ ತಿಳಿಯುವ ಹೊತ್ತಿಗೆ ಮುಜಫರ್ ಕಲೆಯ ಅಂಚಿನುದ್ದಕ್ಕೂ ಬೆರಳು ಆಡಿಸಿದ್ದ. ಒಂದು ಮಗ್ಗುಲು ಅಂಚು ದಾರ ಹಿಡಿದು ಗೀರಿದ ಹಾಗೆ ನೆಟ್ಟಗಿತ್ತು, ಮಡಚಿದ ಬಟ್ಟೆಯ ಅಂಚಿನಂತೆ. ಅವನ ಮುಖ ಬದಲಾಯಿತು.

"ಸಾವ್ಕಾರ್ರ, ಅಮಾಸಿ ದಿನಾ ಇದರ ಮ್ಯಾಲೆ ಹಸಿ ಅರಿವಿ ಏನರ ಹಾಸಿದ್ರೇನ್ರಿ? ಇದು ಕಡ್ಲಿ ಹುಳಿ ತಿಂದ ಕಲಿ ಆದಂಗ ಐತ್ರಿ."

"ಕಡ್ಲಿ ಹುಳಿ?" ಸಿದ್ಧಲಿಂಗ ಎಲ್ಲರನ್ನೂ ನೋಡಿ ಕೈ ಚೆಲ್ಲಿದ. "ಕೇಳಿದ್ರ್ಯಾ? ಮಂದಿ ಹೊಟ್ಟಿಗೆ ಕುಡಿಯೂದು ಗಾಡಿಗೆ ಏನ ಮಾಡತೈತಿ? ಕುಡದವರ ಹೊಟ್ಟಿ ತೂತ ಬಿದ್ದಾವೇನು?" ಆಮೇಲೆ ಕಿಟಕಿಯ ಗಾಜಿಗೆ ಬೆರಳಿನಿಂದ ಬಡಿದ. "ಏ, ಇಳಿ ಕೆಳಗ. ಗಾಡಿ ಮ್ಯಾಲೆ ಏನರ ಇಟ್ಟಿದ್ದೇನು ನೀ?"

ಮಾದೇವಿ ಇಳಿದಳು. ಗಂಡನ ಮುಖ ನೋಡಿದಳು. ಇಂದು ರಾತ್ರಿ, ನಾಳೆ, ನಾಡಿದ್ದು, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಹೆದರಿಕೆ ಅನ್ನುವುದು ಎಂಥ ಗಟ್ಟಿಗಿತ್ತಿಯನ್ನೂ ಹುಲ್ಲು ಮಾಡುತ್ತದೆ.

"ಇಲ್ಲ," ಎಂದಳು.

ಮುಜಫರ್ ಅವಳ ಮುಖ ನೋಡಲಿಲ್ಲ, ಕೈ ನೋಡಿದ. ಕಾರಿನ ಬಾಗಿಲು ಹಿಡಿದಿದ್ದ ಬೆರಳುಗಳ ತುದಿ, ಹುಳಿ ಹಿಂಡುವವರದರ ಹಾಗೆ, ಸೀಳಿ ಕಪ್ಪಾಗಿತ್ತು. ಕುಂಬಳಕಾಯಿ ಕಳ್ಳ ಅಂದ ಕೂಡಲೇ ಹೆಗಲು ಮುಟ್ಟಿಕೊಂಡವನ ಹಾಗೆ ಅವಳು ಕೈ ಸೆರಗಿನೊಳಗೆ ಎಳೆದುಕೊಂಡಳು. ಅವನಿಗೆ ತಿಳಿಯಿತು. ತಿಳಿದದ್ದು ಅವಳಿಗೂ ತಿಳಿಯಿತು. ಈಗ ಕೂಗುತ್ತಾನೆ ಅಂದುಕೊಂಡಳು. ಅವನು ಕೂಗಲಿಲ್ಲ. ತುಟಿ ಒತ್ತಿಕೊಂಡು ನೆಲ ನೋಡತೊಡಗಿದ.

"ಮತ್ತೇನ?" ಸಿದ್ಧಲಿಂಗ ಕಿಸೆಯಿಂದ ಫೋನು ತೆಗೆದ. "ಹೋಗು, ಮೇಣದ ಡಬ್ಬಿ ತಗೊಂಡ ಬಾ. ಕೈಯಾಗ ಹಿಡಕೊಂಡು ಹೇಳು, 'ಇದನ್ನ ಹಚ್ಚಿ ಸಿರಾಮಿಕ್ ಅಂತ ಹೇಳಿ ಮೋಸ ಮಾಡೇನಿ' ಅಂತ. ನಾ ವಿಡಿಯೊ ಹಿಡೀತೇನಿ. ನಮ್ಮ ಗ್ರೂಪಿನಾಗ ನಾಕನೂರ ಮಂದಿ ಅದಾರ, ಅಣ್ಣಿಗೇರಿಯಿಂದ ನವಲಗುಂದತನಕ ಎಲ್ಲಾರೂ ನೋಡಲಿ. ಹೇಳಲಿಲ್ಲ, ಪೊಲೀಸ್ ಠಾಣೇಕ ನಡಿ."

ಗದ್ದಲಕ್ಕೆ ಶೆಡ್ಡಿನ ಹಿಂದಿನ ಮನೆಯಿಂದ ಮುಜಫರನ ತಾಯಿ ಹಸನಬಿ ಹೊರಗೆ ಬಂದಳು. ಎರಡು ಮಾತಿನಲ್ಲಿ ಸಂಗತಿ ಕೇಳಿ ತಿಳಿದುಕೊಂಡಳು. ಬಂದ ದಾರಿಯಲ್ಲೇ ಒಳಗೆ ಹೋಗಿ, ತಿರುಗಿ ಬರುವಾಗ ಕೈಯಲ್ಲಿ ಒಂದು ಗಾಜಿನ ಬಾಟಲಿ ಇತ್ತು. ಒಳಗೆ ತಿಳಿ ಹಳದಿ ನೀರು.

"ಯಪ್ಪಾ, ಕಡ್ಲಿ ಹುಳಿ ಹಿತ್ತಾಳಿ ತಿಂತೈತಿ. ನಿನ್ನ ಬಣ್ಣಾ ಬಿಡತೈತೇನು?" ಎಂದಳು. "ಹೊಟ್ಟಿನೋವಿಗಂತ ಇಟ್ಟೇನಿ. ನನ್ನ ಮಗನ್ನ ಆಮ್ಯಾಲೆ ಬೈಯಂತಿ, ಮೊದಲ ಒಂದ ಹನಿ ಮೂಲ್ಯಾಗ ಹಾಕಿ ನೋಡು."

"ನಿನ್ನ ಔಷಧ ನಿನ್ನ ಹೊಟ್ಟಿಗೆ ಹಾಕ್ಕೋ ಮುದುಕಿ. ನನ್ನ ಗಾಡಿ ಏನ ನಿನ್ನ ಮಗನ ಸಾಲಿ ಪಾಟಿ ಅಲ್ಲ, ಬರದು ಅಳಸಾಕ."

"ಅಮ್ಮಾ, ನೀ ಒಳಗ ನಡಿ," ಎಂದ ಮುಜಫರ್. ಹಲಗೆಯ ಮೇಲಿಂದ ಮೇಣದ ಡಬ್ಬಿ ತೆಗೆದುಕೊಂಡು ಬಂದು ಕಾರಿನ ಮುಂದೆ ನಿಂತ. ಸಿದ್ಧಲಿಂಗ ಫೋನು ಅಡ್ಡ ಹಿಡಿದ.

ಮಾದೇವಿ ಅವನನ್ನೇ ನೋಡಿದಳು. ಈ ಹುಡುಗ ತನಗೆ ಏನೂ ಆಗಬೇಕಾದವನಲ್ಲ. ಅಂದು ನಾಲ್ಕು ಮಂದಿ ನಕ್ಕಾಗ ನಗದೆ ಇದ್ದವನು ಇವನೊಬ್ಬನೇ. ಈಗ ತನ್ನನ್ನು ಉಳಿಸಲಿಕ್ಕೆ ಅವನು ಅವನದೇ ಅನ್ನಕ್ಕೆ ಮಣ್ಣು ಹಾಕಿಕೊಳ್ಳಲು ನಿಂತಿದ್ದಾನೆ. ಅವಳಿಗೆ ಅವನ ಮೇಲೆ ಕನಿಕರಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಿನ್ನನ್ನು ಯಾರು ಕೇಳಿದ್ದರು ಉಳಿಸು ಅಂತ? ಹೆಂಗಸು ಅಂದಮೇಲೆ ಮಾಡಿದ್ದನ್ನು ಮಾಡಿದೆ ಅನ್ನಲಿಕ್ಕೂ ಆಗುವುದಿಲ್ಲ ಅಂತ ಇವನೂ ಲೆಕ್ಕ ಹಾಕಿದನಲ್ಲ.

"ನಾನು ಮುಜಫರ್, ಅಣ್ಣಿಗೇರಿ," ಎಂದು ಅವನು ಶುರು ಮಾಡಿದ. "ಶಲವಡಿ ಸಿದ್ಧಲಿಂಗ ಸಾವ್ಕಾರ್ರ ಗಾಡಿಗೆ..."

"ನಿಂದರಪಾ," ಎಂದಳು ಮಾದೇವಿ. "ನಾನ ಇಟ್ಟೇನಿ."

ಫೋನು ಹಿಡಿದ ಕೈ ಇಳಿಯಿತು. "ಏನ ಇಟ್ಟಿ?"

"ಹುಳಿ ಧೋತರ. ಅಮಾಸಿ ದಿನಾ ನೀವು ಮಲಗಿದ್ರಿ. ಹಿಂಡಲಾರದ ನಾಕ ಮಡಿಕಿ ಮಾಡಿ ಹಾಸೀನಿ, ಮ್ಯಾಲೆ ಕಡ್ಲಿ ಸಿವುಡ ಇಟ್ಟೇನಿ. ಮೂರ ತಾಸು. ತಿಂತೈತಿ ಅಂತ ಗೊತ್ತಿದ್ದ ಇಟ್ಟೇನಿ."

ಹಸನಬಿ ಬಾಟಲಿ ಎದೆಗೆ ಒತ್ತಿಕೊಂಡು ನಿಂತಿದ್ದಳು. ಹೊಡೆಯುತ್ತಾನೆ ಅಂತ ಮಾದೇವಿ ಎರಡೂ ಕಾಲು ಗಟ್ಟಿಯಾಗಿ ಊರಿ ನಿಂತಳು. ಹೊಡೆದಿದ್ದರೆ ಬೇರೆ ಕತೆ. ಸಿದ್ಧಲಿಂಗ ನಕ್ಕುಬಿಟ್ಟ.

"ನೋಡ್ರಿ ಮಾಸ್ತರ, ನಮ್ಮ ಮನ್ಯಾಗಿನಕಿ ಕರುಳಾ," ಎಂದ. "ಹುಡುಗನ ಮಾರಿ ನೋಡಿ ಕರಗಿಬಿಟ್ಲು. ಗೊತ್ತಿದ್ದ ಇಟ್ಲಂತ. ಅಷ್ಟ ತಲಿ ಇದ್ದಿದ್ರ ಇಷ್ಟ ವರ್ಷ ನನ್ನ ಮನ್ಯಾಗ ಯಾಕ ಇರ್ತಿದ್ದಿಲೇ? ಹೋಗು, ಗಾಡ್ಯಾಗ ಕುಂಡ್ರು. ಏ ಮುಜಫರ್, ಮೊದಲಿಂದ ಹೇಳು."

ಹನ್ನೆರಡು ವರ್ಷ ಅವಳು ಅವನ ಮನೆಯಲ್ಲಿ ಇದ್ದಳು. ಅವನು ಬೈದಿದ್ದ, ತಟ್ಟೆ ಎಸೆದಿದ್ದ, ತವರಿಗೆ ಅಟ್ಟಿದ್ದ. ಮಾಡಿದ ತಪ್ಪನ್ನು ಕೂಡ ಅವಳದಲ್ಲ ಅಂತ ಕಿತ್ತುಕೊಂಡದ್ದು ಇದೇ ಮೊದಲು. ಮಾದೇವಿಗೆ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಾಲ್ಕು ಹೆಜ್ಜೆ ಹಾಕಿ ಹಸನಬಿಯ ಕೈಯಿಂದ ಬಾಟಲಿ ತೆಗೆದುಕೊಂಡಳು. ಬಿರಡೆ ಬಿಚ್ಚಿದಳು. ಬಾನೆಟ್ಟಿನ ಎಡಗಡೆ, ಇನ್ನೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಕಡೆ, ಬಾಟಲಿಯನ್ನು ಪೂರಾ ಬಗ್ಗಿಸಿದಳು.

"ಏನ ಮಾಡಾಕ್ಹತ್ತೀಲೇ!"

"ಕಡ್ಲಿ ಹುಳಿ," ಎಂದಳು ಮಾದೇವಿ. "ಮಂದಿ ಹೊಟ್ಟಿಗೆ ಕುಡಿಯೂದು. ಗಾಡಿಗೆ ಏನೂ ಮಾಡಂಗಿಲ್ಲಂತ ನೀವ ಅಂದ್ರಿ. ನನಗೂ ತಲಿ ಇಲ್ಲ. ಮೂರ ತಾಸ ಹಿಂಗ ಬಿಸಲಾಗ ಇರ್ಲಿ, ಯಾರೂ ಮುಟ್ಟಬ್ಯಾಡ್ರಿ. ಕಲಿ ಬೀಳಲಿಲ್ಲಂದ್ರ ಆ ಹುಡುಗನ್ನ ಠಾಣೇಕ ಒಯ್ರಿ, ನಾನೂ ಸಾಕ್ಷಿ ಹೇಳ್ತೇನಿ."

ಹುಳಿ ಕೆಲವು ಕಡೆ ಹನಿಹನಿಯಾಗಿ, ಕೆಲವು ಕಡೆ ಪಾವಲಿ ನಾಣ್ಯದಗಲ ನಿಂತಿತ್ತು. ಹನ್ನೊಂದರ ಬಿಸಿಲು ನೆಟ್ಟಗೆ ಬಾನೆಟ್ಟಿನ ಮೇಲೆ ಬೀಳುತ್ತಿತ್ತು. ಮುಜಫರನ ಕೈ ಅಭ್ಯಾಸದಿಂದ ಹೆಗಲ ಮೇಲಿನ ಮೆತ್ತನೆ ಬಟ್ಟೆಗೆ ಹೋಯಿತು. ಮಾದೇವಿ ಅವನ ಕಡೆ ನೋಡಿದಳು.

"ನೀ ಬ್ಯಾಡಪಾ," ಎಂದಳು.

ಅವನು ಕೈ ಇಳಿಸಿದ.

ಸಿದ್ಧಲಿಂಗ ಫೋನು ಹಿಡಿದುಕೊಂಡೇ ನಿಂತಿದ್ದ. ಒಂದು ನಿಮಿಷ ಹೋಯಿತು. ಟ್ರ್ಯಾಕ್ಟರಿನ ಇಬ್ಬರು ಅವನ ಮುಖ ನೋಡಿದರು, ಬಾನೆಟ್ಟು ನೋಡಿದರು, ಮತ್ತೆ ಅವನ ಮುಖ ನೋಡಿದರು. ಸಣ್ಣ ಹನಿಗಳ ಅಂಚು ಒಣಗತೊಡಗಿತು. ಅವನ ಕೈ ಅಂಗಿಯ ಕಿಸೆಗೆ ಹೋಗಿ ಕರವಸ್ತ್ರದ ತುದಿ ಹಿಡಿಯಿತು, ಅಲ್ಲೇ ನಿಂತಿತು. ಹುಚ್ಚಪ್ಪ ಮಾಸ್ತರು ಕುರ್ಚಿಯನ್ನು ನೆರಳಿಗೆ ಎಳೆದುಕೊಂಡು ಕೈಗಡಿಯಾರ ನೋಡಿಕೊಂಡರು. ಅವರು ಮೂರು ತಾಸು ಕೂರುವವರೇ.

ಎರಡನೆಯ ನಿಮಿಷ ಪೂರಾ ಆಗಲಿಲ್ಲ. ಸಿದ್ಧಲಿಂಗ ಕರವಸ್ತ್ರ ಎಳೆದು ಬಾನೆಟ್ಟಿನ ಮೇಲೆ ಬಿದ್ದ. ಅದು ತೊಯ್ದು ಹೋದಮೇಲೆ ವಾಸ್ತುವಿಗೆಂದು ಹಾಕಿಕೊಂಡ ಹೊಸ ಅಂಗಿಯ ತೋಳಿನಿಂದ ಒರೆಸಿದ.

"ನೀರ ಕೊಡ್ರಿ," ಎಂದ, ಯಾರ ಮುಖವನ್ನೂ ನೋಡದೆ. "ಲಗೂ ನೀರ ಕೊಡ್ರಿ."

ಮುಜಫರ್ ಮೇಣದ ಡಬ್ಬಿಯನ್ನು ಹಲಗೆಯ ಮೇಲೆ ಅದರ ಜಾಗದಲ್ಲಿ ಇಟ್ಟು ಬಂದು, ಮಗ್ಗು ತುಂಬಿ ಕೊಟ್ಟ. ಮಾದೇವಿ ಖಾಲಿ ಬಾಟಲಿಗೆ ಬಿರಡೆ ತಿರುವಿ ಹಸನಬಿಯ ಕೈಗಿತ್ತಳು.

"ನಮ್ಮ ಮನಿಯೊಳಗ ಇನ್ನೂ ಎರಡ ಬಾಟ್ಲಿ ಅದಾವವ್ವಾ," ಎಂದಳು. "ಒಂದ ಕಳಸ್ತೇನಿ."

ಸಿದ್ಧಲಿಂಗ ನೀರು ಸುರಿದು ಒರೆಸಿದ. ಮತ್ತೆ ಸುರಿದ, ಮತ್ತೆ ಒರೆಸಿದ. ಹುಳಿ ಯಾವಾಗಲೋ ಹೋಗಿತ್ತು. ಅವನು ಒರೆಸುತ್ತಲೇ ಇದ್ದ.